ಹರಿಹರದ ಜರ್ಮನ್ ಶಾಲೆಯ ಹತ್ತನೆಯ ಮಗು

ಮೊನ್ನೆ ದಾವಣಗೆರೆಯ ನಿಜಲಿಂಗಪ್ಪ ಬಡಾವಣೆಯ ಪುಸ್ತಕದಂಗಡಿಯಲ್ಲಿ ಮೊಮ್ಮಗಳಿಗೆ ಮೇಣದ ಬಣ್ಣದ ಕಡ್ಡಿ ಕೊಳ್ಳಲು ನಿಂತಿದ್ದೆ. ಅಂಗಡಿಯವನು ಡಬ್ಬಿ ಬಿಚ್ಚಿ ತೋರಿಸಿದ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಹರಿಹರದಲ್ಲಿದ್ದೆ. ನನಗೆ ಇಪ್ಪತ್ತೊಂದು ವರ್ಷ, ಕೈಯಲ್ಲಿ ಹಾಜರಿ ಪುಸ್ತಕ, ಎದುರಿಗೆ ಮೆಕ್ಕೆಜೋಳದ ಕೂದಲಿನಂಥ ತಲೆಗಳ ಮಕ್ಕಳು. "ಅಮ್ಮಾ, ಬೇಕೋ ಬ್ಯಾಡೋ ಹೇಳ್ರಿ" ಎಂದು ಅಂಗಡಿಯವನು ಎರಡು ಸಲ ಕೇಳಿದನಂತೆ. ಈ ವಯಸ್ಸಿನಲ್ಲಿ ಹೀಗೆ ಮೈಮರೆತು ನಿಂತರೆ ಜನ ಬೇರೆಯೇ ಅರ್ಥ ಮಾಡಿಕೊಳ್ಳುತ್ತಾರೆ. ಡಬ್ಬಿ ಕೊಂಡು ಬೇಗ ಹೊರಗೆ ಬಂದೆ.

ಹರಿಹರದಲ್ಲಿ ಜರ್ಮನ್ ಶಾಲೆ ಇತ್ತು ಎಂದರೆ ಈಗ ಹರಿಹರದವರೇ ನಗುತ್ತಾರೆ. ಇತ್ತು. ಎಪ್ಪತ್ತರ ದಶಕದ ಕೊನೆಯ ಮಾತು. ತುಂಗಭದ್ರೆಯ ದಂಡೆಯ ಕಾರ್ಖಾನೆಯೊಂದಕ್ಕೆ ಹೊಸ ಯಂತ್ರಗಳು ಬಂದವು, ಅವುಗಳ ಹಿಂದೆ ಅವನ್ನು ಜೋಡಿಸುವ ಇಂಜಿನಿಯರುಗಳು ಬಂದರು, ಇಂಜಿನಿಯರುಗಳ ಹಿಂದೆ ಅವರ ಹೆಂಡತಿಯರು, ಮಕ್ಕಳು. ಎರಡು ಮೂರು ವರ್ಷ ಇಲ್ಲಿದ್ದು ತಮ್ಮೂರಿಗೆ ಮರಳಿದಾಗ ಮಕ್ಕಳು ಅಲ್ಲಿನ ತರಗತಿಗೆ ಸರಿಯಾಗಿ ಹೋಗಿ ಕೂರಬೇಕಲ್ಲ, ಅದಕ್ಕೆ ಈ ಶಾಲೆ. ಮೊದಲ ವರ್ಷ ಒಬ್ಬ ಇಂಜಿನಿಯರನ ಹೆಂಡತಿ ತನ್ನ ಮನೆಯ ಜಗಲಿಯ ಮೇಲೆ ಮೂವರು ಮಕ್ಕಳನ್ನು ಕೂರಿಸಿಕೊಂಡು ಶುರು ಮಾಡಿದ್ದಳಂತೆ. ಮರುವರ್ಷ ಕಾಲೊನಿಯ ಕೊನೆಯ ಬಂಗಲೆ ಖಾಲಿಯಾಯಿತು. ಕಾರ್ಖಾನೆಯ ಬಡಗಿಗಳು ಬೆಂಚು ಮಾಡಿದರು, ಎರಕದ ವಿಭಾಗದವರು ಒಂದು ಗಂಟೆ ಹೊಯ್ದು ಕೊಟ್ಟರು, ಭೂಗೋಳ ಹಡಗಿನಲ್ಲಿ ಬಂತು. ಆ ಭೂಗೋಳದಲ್ಲಿ ದಾವಣಗೆರೆಯೂ ಇರಲಿಲ್ಲ, ಹರಿಹರವೂ ಇರಲಿಲ್ಲ. ನಾನೇ ಕೆಂಪು ಮಸಿಯಲ್ಲಿ ಒಂದು ಚುಕ್ಕೆ ಇಟ್ಟೆ. ಎರಡೂ ಊರು ಅದರೊಳಗೇ ಹೊಂದಿಕೊಂಡು ಇರಬೇಕಾಯಿತು.

ಪಾಠ ಹೇಳಲು ಅಲ್ಲಿಂದಲೇ ಕಳಿಸಿದ್ದ ಟೀಚರ ಹೆಸರು ಫ್ರೌ ಲಿಂಡ್ನರ್, ಅಂದರೆ ಶ್ರೀಮತಿ ಲಿಂಡ್ನರ್. ಐವತ್ತು ದಾಟಿದ, ಗಂಡ ತೀರಿಹೋದ ಹೆಂಗಸು. ಬಿಸಿಲಿಗೆ ಮುಖವೆಲ್ಲ ಕೆಂಪಾಗಿ, ಮೂಗಿನ ಸಿಪ್ಪೆ ಸದಾ ಸುಲಿಯುತ್ತಿತ್ತು. ಶಾಲೆಯ ಅಡುಗೆ ನೋಡಿಕೊಳ್ಳುತ್ತಿದ್ದ ಬಸಮ್ಮ ಅವರನ್ನು 'ಜರ್ಮನಿ ಅಕ್ಕೋರು' ಎನ್ನುತ್ತಿದ್ದಳು. ನನ್ನನ್ನು ಬರೀ 'ಅಕ್ಕೋರು'. ನಾನು ಆಗಷ್ಟೇ ಟೀಚರ್ ಟ್ರೈನಿಂಗ್ ಮುಗಿಸಿದ್ದೆ. ಮಕ್ಕಳಿಗೆ ದಿನಕ್ಕೊಂದು ಗಂಟೆ, ಅಕ್ಷರದ ಗೊಡವೆಯಿಲ್ಲದೆ, ಮಾತಿನ ಕನ್ನಡ ಕಲಿಸುವುದು, ಹೊಳೆದಂಡೆಗೆ ಕರೆದುಕೊಂಡು ಹೋಗಿ ಗಿಡ, ಹಕ್ಕಿ ತೋರಿಸುವುದು, ಮೊಣಕಾಲು ತರಚಿಕೊಂಡರೆ ಔಷಧಿ ಹಚ್ಚುವುದು ನನ್ನ ಕೆಲಸ. ಟೀಚರಿಗೂ ನನಗೂ ನಡುವೆ ಇದ್ದದ್ದು ಇಂಗ್ಲಿಷು. ಅವರದೂ ಕುಂಟು, ನನ್ನದೂ ಕುಂಟು, ಹಾಗಾಗಿ ಇಬ್ಬರೂ ಒಂದೇ ವೇಗದಲ್ಲಿ ನಡೆಯುತ್ತಿದ್ದೆವು.

ನಮ್ಮ ಮನೆ ದಾವಣಗೆರೆಯ ಮಂಡಿಪೇಟೆಯ ಹಿಂದಿನ ಓಣಿಯಲ್ಲಿ. ಅಬ್ಬಾ ಪುಸ್ತಕ ಕಟ್ಟುವ ಕೆಲಸದವರು. ಮುಂಬಾಗಿಲಲ್ಲೇ ಅವರ ಅಂಗಡಿ. ಒಣಮೆಣಸಿನಕಾಯಿಯ ಘಾಟು ಪೇಟೆಯಿಂದ ಒಳಗೆ ಬಂದರೆ, ಮೈದಾ ಅಂಟಿನ ವಾಸನೆ ಒಳಗಿನಿಂದ ಪೇಟೆಗೆ ಹೋಗುತ್ತಿತ್ತು. ಮನೆಯೊಳಗೆ ನಾವಾಡುತ್ತಿದ್ದದ್ದು ಉರ್ದು, ಹೊಸ್ತಿಲು ದಾಟಿದರೆ ಕನ್ನಡ. ಇಲ್ಲಿ ಎಲ್ಲವನ್ನೂ ಕನ್ನಡದಲ್ಲೇ ಬರೆಯುತ್ತಿದ್ದೇನೆ, ನೆನಪಿಗೆ ಈಗ ಹೊಸ್ತಿಲು ಉಳಿದಿಲ್ಲ.

ನಾನು ಸೇರಿದ ಮರುವರ್ಷ ಜುಲೈನಲ್ಲಿ ಕಷ್ಟ ಬಂತು. ಮಳೆ ಎಲ್ಲೋ ಮಲೆನಾಡಿನಲ್ಲಿ ಬಿದ್ದು ನಮ್ಮಲ್ಲಿ ಹೊಳೆ ಮಾತ್ರ ತುಂಬಿತ್ತು, ಕೆಂಪು ನೀರು ಕಾಲೊನಿಯ ತಂತಿಬೇಲಿಯವರೆಗೆ ಬಂದಿತ್ತು. ಆ ವಾರವೇ ಒಂದು ಕುಟುಂಬ ಹೇಳದೆ ಕೇಳದೆ ಊರಿಗೆ ಹೊರಟಿತು. ಶಾಲೆಯ ಕಟ್ಟಳೆಯ ಪ್ರಕಾರ ಹತ್ತು ಮಕ್ಕಳಿದ್ದರೆ ಮಾತ್ರ ಅಲ್ಲಿಂದ ಟೀಚರು, ಪುಸ್ತಕ, ಮುದ್ರೆ ಹೊಡೆದ ಅಂಕಪಟ್ಟಿ ಎಲ್ಲವೂ. ಹತ್ತಕ್ಕಿಂತ ಕಡಿಮೆಯಾದರೆ ಶಾಲೆ ಮುಚ್ಚು. ಆ ವರ್ಷ ಹೊಸದಾಗಿ ಒಂದನೇ ಕ್ಲಾಸಿಗೆ ಬರಲಿದ್ದ ಒಬ್ಬಳನ್ನೂ ಸೇರಿಸಿದರೆ ಉಳಿದವರು ಒಂಬತ್ತು. ಆಗಸ್ಟಿನಲ್ಲಿ ಹೊಸ ವರ್ಷದ ಪಟ್ಟಿ ಕಳಿಸಬೇಕಿತ್ತು.

ಕೆಲಸ ಇರುವವರೆಗೆ ಮದುವೆಯ ಮಾತು ಬೇಡ ಎಂದು ಅಬ್ಬಾನಿಂದ ಮಾತು ತೆಗೆದುಕೊಂಡಿದ್ದೆ. ಕೆಲಸ ಹೋದರೆ ಮರುದಿನವೇ ಯಾರೋ ಬಿರಿಯಾನಿ ತಿನ್ನಲು ಬಂದು ನನ್ನನ್ನು ನೋಡಿಕೊಂಡು ಹೋಗುತ್ತಾರೆ. ಅದಕ್ಕಿಂತ ಹೆಚ್ಚಾಗಿ ಆ ಬಂಗಲೆಯ ಮೇಲೆ ನನಗೆ ಪ್ರೀತಿ ಹುಟ್ಟಿತ್ತು. ಫ್ರೌ ಲಿಂಡ್ನರ್ ಕಟ್ಟಳೆಯ ಕಾಗದ ಹರಡಿಕೊಂಡು ಕೂತಿದ್ದರು. ನಾನು ಕೇಳಿದೆ: ಹತ್ತು ಮಕ್ಕಳು ಎಂದಿದೆಯೇ, ಹತ್ತು ಜರ್ಮನ್ ಮಕ್ಕಳು ಎಂದಿದೆಯೇ? ಅವರು ಕನ್ನಡಕ ಏರಿಸಿಕೊಂಡು ಎರಡು ಸಲ ಓದಿದರು. ಹತ್ತು ಮಕ್ಕಳು ಎಂದಷ್ಟೇ ಇತ್ತು.

ನನಗೊಬ್ಬಳು ತಂಗಿ ಇದ್ದಳು, ನಸೀಮ. ಆರು ತುಂಬಿ ಏಳಕ್ಕೆ ಬಿದ್ದಿದ್ದಳು. ಜೂನಿನಲ್ಲಷ್ಟೇ ನಮ್ಮ ಓಣಿಯ ಕನ್ನಡ ಶಾಲೆಯಲ್ಲಿ ಒಂದನೇ ಕ್ಲಾಸಿಗೆ ಕೂತಿದ್ದಳು.

ಮನೆಯಲ್ಲಿ ಮಾತೆತ್ತಿದಾಗ ಅಮ್ಮಿ ಬೇಯುತ್ತಿದ್ದ ರೊಟ್ಟಿಯನ್ನು ಹಂಚಿನ ಮೇಲೇ ಬಿಟ್ಟು ಬಂದರು. "ಮನ್ಯಾಗೊಂದು ಭಾಷೆ, ಓಣ್ಯಾಗೊಂದು, ಮದ್ರಸಾದಾಗೊಂದು. ಇವು ಸಾಲ್ದು ಅಂತ ನಾಲ್ಕನೇದಾ? ಅದರ ನಾಲಿಗೆ ಏನ್ ಚಾಪೇನಾ, ಎಳದಂಗ ಹಾಸಾಕ?" ಅಬ್ಬಾ ಸೂಜಿ ನಿಲ್ಲಿಸಲಿಲ್ಲ. ಹೊಲಿಯುತ್ತಲೇ ಕೇಳಿದರು. "ಒಂದು ವರ್ಷಕ್ಕೆ ಅಂತೀ. ಆಮೇಲೆ?"

"ಆಮೇಲೂ ಶಾಲೆ ಇರ್ತೈತೆ ಅಬ್ಬಾ. ಹೊಸ ಸಂಸಾರಗಳು ಬರ್ತಾವೆ."

"ನಮ್ಮ ಓಣ್ಯಾಗ ಹೆಣ್ಮಕ್ಕಳ ವರ್ಷ ಅಂದ್ರೆ ಏನಂತ ನಿನಗೆ ಗೊತ್ತೈತಲ್ಲ. ಕೆಟ್ಟರೆ ನಿನ್ನ ಮ್ಯಾಲೆ."

ಗೊತ್ತಿತ್ತು. ನಮ್ಮ ಓಣಿಯಲ್ಲಿ ಹೆಣ್ಣುಮಗಳು ದೊಡ್ಡವಳಾದ ದಿನ ಶಾಲೆ ಮುಗಿಯಿತು. ಆ ದಿನ ಅವಳು ಎಷ್ಟನೇ ಕ್ಲಾಸಿನಲ್ಲಿದ್ದಳೋ ಅಷ್ಟೇ ಅವಳ ಓದು. ಹುಡುಗನಿಗೆ ಒಂದು ವರ್ಷ ಕೆಟ್ಟರೆ ಮುಂದಿನ ವರ್ಷ ಅದು ಸಿಗುತ್ತದೆ. ಹುಡುಗಿಗೆ ಕೆಟ್ಟ ವರ್ಷ ಕೊನೆಯಲ್ಲಿ ಕತ್ತರಿಸಿ ಹೋಗುತ್ತದೆ. ನನಗಾಗಿ ಅಬ್ಬಾ ನೆಂಟರೊಂದಿಗೆಲ್ಲ ಜಗಳವಾಡಿದ್ದರಿಂದ ನಾನು ಟೀಚರಾದೆ. ಇದೆಲ್ಲ ಗೊತ್ತಿದ್ದೇ ನಸೀಮಳ ಕೈ ಹಿಡಿದುಕೊಂಡು ಹರಿಹರದ ಪ್ಯಾಸೆಂಜರ್ ಹತ್ತಿದೆ. ಓಣಿಯ ಶಾಲೆಯ ಹೆಡ್‌ಮಾಸ್ತರರು ಒಳ್ಳೆಯವರು. "ಹೆಸರು ಹೊಡದ್ಹಾಕಲ್ಲಮ್ಮ. ಜನವರಿ ಒಳಗ ವಾಪಸ್ ಬಂದ್ರೆ ಪರೀಕ್ಷೆಗೆ ಕೂಡಿಸ್ತೀನಿ. ಆಮ್ಯಾಲೆ ಬಂದ್ರೆ ನನ್ನ ಕೈಯಾಗ ಏನಿಲ್ಲ" ಎಂದಿದ್ದರು.

ಜರ್ಮನರಲ್ಲಿ ಒಂದು ಪದ್ಧತಿ. ಮಗು ಮೊದಲ ಸಲ ಶಾಲೆಗೆ ಹೋಗುವ ದಿನ ತಂದೆತಾಯಿ ರಟ್ಟಿನ ದೊಡ್ಡ ಪೊಟ್ಟಣವೊಂದನ್ನು ಮಾಡಿ, ಅದರ ತುಂಬ ಸಿಹಿತಿಂಡಿ, ಪೆನ್ಸಿಲು, ಆಟದ ಸಾಮಾನು ತುಂಬಿ ಕೈಗೆ ಕೊಡುತ್ತಾರೆ. ನಮ್ಮಲ್ಲಿ ಮಂಡಕ್ಕಿ ಕಟ್ಟಿಕೊಡುತ್ತಾರಲ್ಲ, ಅದೇ ಆಕಾರ. ಮಗುವಿನ ಎದೆಮಟ್ಟ ಎತ್ತರ. ಪಾಠ ಮುಗಿದ ಮೇಲೆ ಎಲ್ಲರೆದುರು ಬಿಚ್ಚಬೇಕು, ಆಗಲೇ ಅದು ಶಾಲೆಯ ಮಗು. ಜನ್ಮದಲ್ಲಿ ಒಂದೇ ಸಲ. ಇದನ್ನು ಅಬ್ಬಾನಿಗೆ ಹೇಳಿದೆ. ಅಬ್ಬಾ ಅಂಥ ಪೊಟ್ಟಣ ಹುಟ್ಟಿದಾಗಿನಿಂದ ಕಂಡವರಲ್ಲ. ಆದರೆ ರಟ್ಟು, ಬಟ್ಟೆ, ಅಂಟು ಎಂದರೆ ಅವರಿಗೆ ಬೇರೆ ಹೇಳಬೇಕೇ? ನವಿಲುಬಣ್ಣದ ಕಾಗದ ಹಚ್ಚಿ, ಅಂಚಿಗೆ ಕೆಂಪು ಕ್ಯಾಲಿಕೊ ಬಟ್ಟೆ ಕೊಟ್ಟು, ಒಳಗೆ ಬೆಂಡು ಬತ್ತಾಸು, ಕರದಂಟು, ಒಂದು ಹಿಡಿ ಖಾರ ಮಂಡಕ್ಕಿಯನ್ನೂ ತುಂಬಿದರು. ಆಮೇಲೆ ಕೈಯ ಅಭ್ಯಾಸ ನೋಡಿ, ಬಾಯನ್ನು ಮೇಣ ಹಚ್ಚಿದ ದಾರದಿಂದ ಆರು ಕಡೆ ಹೊಲಿದುಬಿಟ್ಟರು, ಬಾಳಿಕೆ ಬರಲಿ ಎಂದು.

ಆ ದಿನ ಹೊಸದಾಗಿ ಸೇರಿದ ಇನ್ನೊಬ್ಬಳು ಉಟೆ. ತನ್ನ ಪೊಟ್ಟಣದ ರಿಬ್ಬನ್ ಎಳೆದು ಚಾಕಲೇಟನ್ನು ನೆಲಕ್ಕೆಲ್ಲ ಸುರಿದುಕೊಂಡಳು. ನಸೀಮಳದು ಬಿಚ್ಚಲೇ ಇಲ್ಲ. ಫ್ರೌ ಲಿಂಡ್ನರ್ ಎಳೆದರು, ನಾನು ಎಳೆದೆ, ಬಸಮ್ಮ ಹಲ್ಲು ಹಾಕಿ ನೋಡಿದಳು. "ಯಪ್ಪಾ, ಇದೇನ್ ಪೊಟ್ಟಣನೋ ಪೆಟ್ಟಿಗಿನೋ! ನಿಮ್ಮಪ್ಪಾರು ಭೂಕಂಪ ಆದ್ರೂ ಇರ್ಲಿ ಅಂತ ಹೊಲದಾರ." ಕತ್ತರಿ ತಂದರೆ ನಸೀಮ ಅಪ್ಪಿಕೊಂಡು ಕೂತಳು. ಅಬ್ಬಾ ಹೊಲಿದದ್ದನ್ನು ಕತ್ತರಿಸಬಾರದಂತೆ. ಅಷ್ಟರಲ್ಲಿ ಇರುವೆಗಳು ತುದಿಯಲ್ಲೊಂದು ದಾರಿ ಕಂಡುಕೊಂಡಿದ್ದವು. ಕೊನೆಗೆ ಉಟೆ ತನ್ನ ಚಾಕಲೇಟಿನಲ್ಲಿ ಅರ್ಧವನ್ನು ಎಣಿಸದೆ ಇವಳ ಲಂಗದೊಳಕ್ಕೆ ತಳ್ಳಿದಳು. ಒಬ್ಬಳ ಭಾಷೆಯ ಒಂದು ಮಾತೂ ಇನ್ನೊಬ್ಬಳಿಗೆ ಬರುತ್ತಿರಲಿಲ್ಲ. ಅಂದಿನಿಂದ ಇಬ್ಬರೂ ಒಂದೇ ಬೆಂಚು.

ಮಕ್ಕಳು ಭಾಷೆ ಕಲಿಯುವುದು ನೋಡಬೇಕು. ನಾವು ಮೆಟ್ಟಿಲು ಮೆಟ್ಟಿಲು ಹತ್ತುತ್ತೇವೆ, ಅವರು ಮಾಳಿಗೆಯಿಂದ ಧುಮುಕುತ್ತಾರೆ. ಗೌರಿಹಬ್ಬದ ಹೊತ್ತಿಗೆ ನಸೀಮ ಜರ್ಮನ್ನಿನಲ್ಲಿ ಜಗಳವಾಡುತ್ತಿದ್ದಳು. ದಸರೆಯ ಹೊತ್ತಿಗೆ ಉಟೆಯ ಹೋಮ್‌ವರ್ಕು ತಿದ್ದುತ್ತಿದ್ದಳು. ಬೆಳಗಿನ ಪ್ಯಾಸೆಂಜರಿನಲ್ಲಿ ಲೋಕಿಕೆರೆಯ ತರಕಾರಿ ಹೆಂಗಸರು ಅವಳನ್ನು ಬುಟ್ಟಿಗಳ ನಡುವೆ ನಿಲ್ಲಿಸಿಕೊಂಡು, "ಏ ಹುಡುಗಿ, ಬದ್ನೆಕಾಯಿಗೆ ಏನಂತಾರ ಹೇಳು. ಮೂಲಂಗಿಗೆ?" ಎಂದು ಕೇಳಿ, ಹೇಳಿದ್ದನ್ನು ತಾವೂ ಹೇಳಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ನನಗೋ ವರ್ಷವಿಡೀ ಕಿವಿಗೆ ಬಿದ್ದರೂ 'ಗುಟೆನ್ ಮೊರ್ಗೆನ್' ಎಂಬ ನಮಸ್ಕಾರದಿಂದ ಆಚೆಗೆ ನಾಲಿಗೆ ಹೊರಳಲಿಲ್ಲ.

ನವೆಂಬರಿನ ಒಂದು ಸಂಜೆ ಮಕ್ಕಳೆಲ್ಲ ಕಾಗದದ ಕಂದೀಲು ಮಾಡಿ, ಒಳಗೆ ಮೇಣದಬತ್ತಿ ಹಚ್ಚಿ, ಹಾಡುತ್ತ ಕಾಲೊನಿಯ ಸುತ್ತ ನಡೆದರು. ಅದೂ ಅವರ ಪದ್ಧತಿಯೇ. ಮುಂದೆ ನಸೀಮ, ಗಟ್ಟಿ ಗಂಟಲು ಅವಳದೇ. ಹಗಲು ಪಾಳಿ ಮುಗಿಸಿ ಹೊರಟ ಕೆಲಸಗಾರರು ಸೈಕಲ್ ನಿಲ್ಲಿಸಿ ನೋಡಿದರು. "ಇದು ನಮ್ಮೂರ ಮೊಹರಮ್ ಇದ್ದಂಗ ಐತಲ್ರಿ ಅಕ್ಕೋರ" ಎಂದಳು ಬಸಮ್ಮ. ಹೊಳೆಯ ಕಡೆಯಿಂದ ಚಳಿಗಾಳಿ ಬರುತ್ತಿತ್ತು. ನನಗೆ ಆ ಸಂಜೆ ಎಷ್ಟು ಸುಖವಾಗಿತ್ತೆಂದರೆ, ಅದಾದ ಮೇಲೆ ಮದುವೆ, ಮಕ್ಕಳು, ಸ್ವಂತ ಮನೆ ಎಲ್ಲ ಆದರೂ, ಸುಖ ಎಂದೊಡನೆ ನನಗೆ ನೆನಪಾಗುವುದು ಅದೇ.

ಜನವರಿಯ ಮೊದಲ ವಾರ. ಹನ್ನೊಂದರ ಬಿಡುವು. ಫ್ರೌ ಲಿಂಡ್ನರ್ ನನ್ನನ್ನು ಜಗಲಿಯ ಬಿಸಿಲಿಗೆ ಕರೆದು ಕೂರಿಸಿಕೊಂಡರು. ಕಿತ್ತಳೆ ಸುಲಿಯುತ್ತಿದ್ದರು, ತಿನ್ನಲಿಲ್ಲ. ಯಂತ್ರಗಳ ಕೆಲಸ ಮೇ ತಿಂಗಳಿಗೆ ಮುಗಿಯುತ್ತದಂತೆ. ಹೊಸ ಕುಟುಂಬಗಳು ಬರುವುದಿಲ್ಲ. ಎಲ್ಲರೂ ಹೊರಡುತ್ತಾರೆ, ಶಾಲೆ ಮುಗಿಯುತ್ತದೆ.

"ನಸೀಮಳನ್ನು ಈಗಲೇ ನಿಮ್ಮ ಶಾಲೆಗೆ ಸೇರಿಸಿದರೆ ಅವಳ ವರ್ಷ ಉಳಿಯುತ್ತದೆ ಎಂದು ನೀನೇ ಹೇಳಿದ್ದೆ. ನಾನು ತಡೆಯುವುದಿಲ್ಲ" ಎಂದರು. ಆಮೇಲೆ ಕಿತ್ತಳೆಯನ್ನು ಪಕ್ಕಕ್ಕಿಟ್ಟು, "ಆದರೆ ಆಗ ಒಂಬತ್ತಾಗುತ್ತದೆ. ನಾನು ಕಾಗದ ಬರೆಯಲೇಬೇಕು, ಸುಳ್ಳು ಬರೆಯಲಾರೆ. ಶಾಲೆ ಈ ತಿಂಗಳೇ ನಿಲ್ಲುತ್ತದೆ. ಉಳಿದ ಮಕ್ಕಳಿಗೆ ಅಂಕಪಟ್ಟಿ ಸಿಗುವುದಿಲ್ಲ" ಎಂದರು.

ಒಂದು ಕಡೆ ನಸೀಮಳ ವರ್ಷ, ಇನ್ನೊಂದು ಕಡೆ ಒಂಬತ್ತು ಮಕ್ಕಳ ವರ್ಷ. ಹೀಗೆ ಬರೆದರೆ ನಾನು ದೊಡ್ಡ ಧರ್ಮಸಂಕಟದಲ್ಲಿ ಬಿದ್ದಂತೆ ಕಾಣುತ್ತದೆ. ಸುಳ್ಳೇಕೆ ಹೇಳಲಿ? ಆ ಹೊತ್ತಿನಲ್ಲಿ ನನಗೆ ಒಂಬತ್ತು ಮಕ್ಕಳೂ ಕಾಣಲಿಲ್ಲ, ನಸೀಮಳೂ ಕಾಣಲಿಲ್ಲ. ಇನ್ನೂ ನಾಲ್ಕು ತಿಂಗಳು ಆ ಜಗಲಿಗೆ ಬರಬಹುದು ಎಂಬುದಷ್ಟೇ ಕಂಡಿತು. "ಯೋಚಿಸಿ ಹೇಳುತ್ತೇನೆ" ಎಂದೆ. ಹೇಳಲೇ ಇಲ್ಲ. ಅವರೂ ಮತ್ತೆ ಕೇಳಲಿಲ್ಲ. ಮನೆಯಲ್ಲಿ ಅಬ್ಬಾ, "ಜನವರಿ ಬಂತಲ್ಲ, ನಿನ್ನ ಸಾಲಿ ಮುಂದಿನ ವರ್ಷ ಇರ್ತೈತಾ?" ಎಂದು ಕೇಳಿದರು. "ಇರ್ತೈತೆ" ಎಂದೆ. ಅಬ್ಬಾ ನನ್ನ ಮಾತನ್ನು ಎರಡನೇ ಸಲ ಕೇಳುವವರಲ್ಲ. ನಂಬಿದವರ ಬಾಯಿ ಮುಚ್ಚಿಸುವುದು ಎಷ್ಟು ಸುಲಭ ನೋಡಿ.

ಆ ನಾಲ್ಕು ತಿಂಗಳು ನಾನು ಅತಿ ಒಳ್ಳೆಯ ಅಕ್ಕನಾಗಿದ್ದೆ. ಸ್ಟೇಷನ್ನಿನಲ್ಲಿ ದಿನಾ ಶೇಂಗಾ ಕೊಡಿಸಿದೆ, ಜಡೆಗೆ ಹೊಸ ಟೇಪು. ರೈಲಿನಲ್ಲಿ ಮಾತ್ರ ಅವಳ ಮುಖ ನೋಡದೆ ಕಿಟಕಿಯಾಚೆಯ ಹೊಲ ನೋಡುತ್ತಿದ್ದೆ. ಅವಳೂ ಯಾಕೋ ಮೊದಲಿನಷ್ಟು ಮಾತಾಡುತ್ತಿರಲಿಲ್ಲ. ಬುದ್ಧಿ ಬರುತ್ತಿದೆ ಎಂದುಕೊಂಡೆ.

ಮೇ ತಿಂಗಳಲ್ಲಿ ಹೊಳೆ ಬಂಡೆಗಳ ನಡುವೆ ಅಲ್ಲಲ್ಲಿ ನಿಂತಿತ್ತು. ಬಂಗಲೆಯ ಸಾಮಾನು ಮರದ ಪೆಟ್ಟಿಗೆ ಸೇರಿತು. ಫ್ರೌ ಲಿಂಡ್ನರ್ ಹತ್ತು ಮಕ್ಕಳಿಗೂ ಅಂಕಪಟ್ಟಿ ಕೊಟ್ಟರು. ದಪ್ಪ ಕಾಗದ, ಕೆಳಗೆ ದುಂಡು ಮುದ್ರೆ. ಉಟೆ ಅತ್ತಳು, ಬಸಮ್ಮ ಅತ್ತಳು, ನಾನು ಅತ್ತೆ. ನಸೀಮ ಅಳಲಿಲ್ಲ. ಟೀಚರು ನನ್ನ ಎರಡೂ ಕೈ ಹಿಡಿದುಕೊಂಡು ಏನೋ ಹೇಳಲು ಹೋಗಿ, ಇಂಗ್ಲಿಷು ಸಾಲದೆ, ತಲೆಯಾಡಿಸಿ ಕಾರು ಹತ್ತಿದರು.

ಮನೆಯಲ್ಲಿ, ಶಾಲೆ ಇದ್ದಕ್ಕಿದ್ದಂತೆ ಮುಚ್ಚಿತು ಎಂದೆ. ಜೂನಿನಲ್ಲಿ ನಸೀಮಳನ್ನು ಹೆಡ್‌ಮಾಸ್ತರರ ಎದುರಿಗೆ ನಿಲ್ಲಿಸಿದೆ. ಅವರು ಅಂಕಪಟ್ಟಿಯನ್ನು ತಿರುಗಾ ಮುರುಗಾ ಮಾಡಿ ನೋಡಿದರು. "ಇದ್ರಾಗ ಏನ್ ಬರದೈತೆ?"

ನನಗೆ ಜರ್ಮನ್ ಓದಲು ಬರುವುದಿಲ್ಲ. ನಸೀಮ ಕೈಚಾಚಿ ಇಸಕೊಂಡು, ಮೊದಲು ಜರ್ಮನ್ನಿನಲ್ಲಿ ಗಟ್ಟಿಯಾಗಿ ಓದಿ, ಆಮೇಲೆ ಕನ್ನಡದಲ್ಲಿ ಹೇಳಿದಳು. "ನಸೀಮ ಓದೋದ್ರಾಗ ಬಾಳ ಚಲೋ. ಲೆಕ್ಕದಾಗ ಬಾಳ ಚಲೋ. ಹಾಡೋದ್ರಾಗ ಬಾಳ ಚಲೋ. ಇನ್ನೊಬ್ರಿಗೆ ಕಲಿಸ್ತಾಳ. ಎರಡನೇ ಕ್ಲಾಸಿಗೆ ಕಳಿಸೇವಿ."

ಹೆಡ್‌ಮಾಸ್ತರರು ಎದ್ದು ಸೀಮೆಸುಣ್ಣ ತೆಗೆದುಕೊಂಡರು. ಆಮೇಲೆ ಕಪ್ಪುಹಲಗೆಯ ಮೇಲೆ ಒಂದು ಸಾಲು ಕನ್ನಡ ಬರೆದು ಓದು ಎಂದರು. ಅವಳಿಗೆ ಗೊತ್ತಿದ್ದದ್ದು ಜೂನ್ ಜುಲೈಯಲ್ಲಿ ಕಲಿತ ನಾಲ್ಕಾರು ಅಕ್ಷರ. "ನಾನೇನ್ ಮಾಡ್ಲಿ ಹೇಳಮ್ಮ" ಎಂದು ನನ್ನನ್ನೇ ಕೇಳಿದರು. ನಸೀಮ ತಾನೇ ಹೋಗಿ ಒಂದನೇ ಕ್ಲಾಸಿನ ಚಾಪೆಯ ಮೇಲೆ, ತನಗಿಂತ ಗೇಣು ಕಡಿಮೆ ಮಕ್ಕಳ ಹಿಂದೆ ಕೂತಳು. ಶಾಲೆಯ ಹೊರಗಿನ ನಲ್ಲಿಯ ಹತ್ತಿರ ನಿಂತು ನಾನು ಮುಖ ತೊಳೆದುಕೊಂಡೆ.

ಮುಂದಿನದು ಓಣಿಯ ಲೆಕ್ಕದ ಪ್ರಕಾರವೇ ನಡೆಯಿತು. ವರ್ಷದೊಳಗೆ ನನ್ನ ಮದುವೆಯಾಗಿ ಚಿತ್ರದುರ್ಗಕ್ಕೆ ಹೋದೆ, ದಾವಣಗೆರೆಗೆ ಮರಳಿದ್ದು ಮಕ್ಕಳು ದೊಡ್ಡವರಾದ ಮೇಲೆ. ಕೆಲವು ವರ್ಷಕ್ಕೆ ಅಬ್ಬಾ ತೀರಿಕೊಂಡರು. ಆರನೇ ಕ್ಲಾಸು ಮುಗಿಯುವಷ್ಟರಲ್ಲಿ ನಸೀಮ ದೊಡ್ಡವಳಾದಳು, ಚಿಕ್ಕಪ್ಪ ಶಾಲೆ ಬಿಡಿಸಿದರು. ಏಳನೆಯದಕ್ಕೆ ಆಗ ಪಬ್ಲಿಕ್ ಪರೀಕ್ಷೆ. ಅದರ ಸರ್ಟಿಫಿಕೇಟು ಇದ್ದರೆ ಸಣ್ಣಪುಟ್ಟ ಕೆಲಸಕ್ಕೆ ದಾರಿ. ಸರಿಯಾಗಿ ಒಂದೇ ವರ್ಷ ಕಡಿಮೆ. ಹೊಲಿಗೆ ಮಷಿನ್ನಿನಲ್ಲೇ ಸಂಸಾರ ಎಳೆದಳು, ಇಬ್ಬರು ಹೆಣ್ಣುಮಕ್ಕಳನ್ನು ಡಿಗ್ರಿ ಓದಿಸಿದಳು. ಬಾಲವಾಡಿಯ ಕೆಲಸವೊಂದು ಕೈತಪ್ಪಿದಾಗ ರಾತ್ರಿಯಿಡೀ ಅತ್ತಳಂತೆ, ಅಮ್ಮಿ ಹೇಳಿದ್ದರು. ಒಂದು ದಿನವೂ ನನ್ನನ್ನು ದೂರಲಿಲ್ಲ. ಅವಳಿಗೆ ಜನವರಿಯ ಮಾತು ಗೊತ್ತಿಲ್ಲ, ಅದಕ್ಕೇ ದೂರುತ್ತಿಲ್ಲ ಎಂದು ನಾನು ನಲವತ್ತು ವರ್ಷ ನಂಬಿಕೊಂಡು ಬಂದೆ.

ಮೊನ್ನೆ ಅಂಗಡಿಯಿಂದ ಹೊರಬಿದ್ದವಳು ಮನೆಗೆ ಹೋಗಲಿಲ್ಲ. ಆಟೋ ಹಿಡಿದು ನೇರ ನಸೀಮಳ ಮನೆಗೆ ಹೋದೆ. ಮಷಿನ್ನಿನ ಮುಂದಿದ್ದಳು. "ಬಾ ಆಪಾ, ಕೂಡು, ಚಾ ಮಾಡ್ತೀನಿ" ಎಂದಳು. ಚಾ ಬ್ಯಾಡ ಎಂದೆ. ಕೂತೆ. ಹೇಳಿದೆ. ಜಗಲಿ, ಕಿತ್ತಳೆಹಣ್ಣು, ಅಬ್ಬಾನಿಗೆ ಹೇಳಿದ ಸುಳ್ಳು, ಯಾವುದನ್ನೂ ಬಿಡಲಿಲ್ಲ.

ಅವಳು ಸೂಜಿಗೆ ದಾರ ಪೋಣಿಸುವುದನ್ನು ಮುಗಿಸಿದಳು. "ನನಗೆ ಗೊತ್ತಿತ್ತು."

"ಏನು ಗೊತ್ತಿತ್ತು?"

"ಸಾಲಿ ಮುಚ್ಚತೈತೆ ಅಂತ. ಟೀಚರು ಬೆಳಿಗ್ಗೇನೇ ನಮಗೆಲ್ಲ ಹೇಳಿದ್ರು. ನಿನ್ನ ಜಗಲಿಗೆ ಕರಿಯೋಕ್ಕಿಂತ ಮುಂಚೆ. ನೀನೂ ಅಲ್ಲೇ ನಿಂತಿದ್ದೆ, ಹಾಜರಿ ಬರ್ಕೊಂತ. ಅವರು ಜರ್ಮನ್ನಾಗ ಹೇಳಿದ್ರು, ನಿನಗೆ ತಿಳೀಲಿಲ್ಲ."

"ಮತ್ತೆ ನನಗೆ ಯಾಕ ಹೇಳ್ಲಿಲ್ಲ?"

"ಹೇಳಿದ್ರೆ ನೀ ಬಿಡಿಸಿ ಓಣಿ ಸಾಲಿಗೆ ಹಾಕ್ತಿದ್ದಿ. ನೀ ಬಾಳ ಒಳ್ಳೇಕಿ ಅಂತ ಅನ್ಕೊಂಡಿದ್ದೆ." ಹೀಗೆಂದು ನಕ್ಕಳು. ನಗುತ್ತಲೇ ಅವಳ ಕಣ್ಣು ತುಂಬಿತು. "ದಿನಾ ರೈಲಿನಾಗ ಅಂಜ್ಕೊಂಡು ಕೂಡ್ತಿದ್ದೆ ಆಪಾ. ಇವತ್ತು ನಿನಗೆ ಗೊತ್ತಾಗತೈತೆ, ನಾಳೆ ಗೊತ್ತಾಗತೈತೆ ಅಂತ."

ಒಂದೇ ಸೀಟಿನಲ್ಲಿ ಕೂತು, ಒಂದೇ ಮಾತನ್ನು ಒಬ್ಬರಿಂದೊಬ್ಬರು ಬಚ್ಚಿಟ್ಟುಕೊಂಡು, ನಾಲ್ಕು ತಿಂಗಳು ಹರಿಹರಕ್ಕೆ ಹೋಗಿಬಂದಿದ್ದೆವು. ಇದನ್ನು ಕೇಳಿ ನನ್ನ ಎದೆ ಹಗುರಾಯಿತು ಎಂದರೆ ಸುಳ್ಳಾಗುತ್ತದೆ. ಇಪ್ಪತ್ತೊಂದು ವರ್ಷದವಳಿಗೆ ಒಂದು ವರ್ಷ ಹೋದರೆ ಏನಾಗುತ್ತದೆಂದು ಗೊತ್ತಿತ್ತು, ಏಳು ವರ್ಷದವಳಿಗೆ ಗೊತ್ತಿರಲಿಲ್ಲ. ಹಾಗೆಂದು ಅವಳಿಗೆ ಹೇಳಿದೆ. ಏಳನೇ ಕ್ಲಾಸಿನ ಮಾತನ್ನೂ ಎತ್ತಿದೆ. ನಿನ್ನ ವರ್ಷ ತಿಂದವಳು ನಾನು ಎಂದೆ.

ನಸೀಮ ಬಟ್ಟೆಯನ್ನು ಸೂಜಿಯ ಕೆಳಗೆ ಸರಿಸಿ, ಮಷಿನ್ನಿನ ಚಕ್ರದ ಮೇಲೆ ಕೈಯಿಟ್ಟಳು.

"ಏಳನೇ ಕ್ಲಾಸಿಗೆ ಅತ್ತಿದ್ದು ಖರೆ. ಈಗ್ಲೂ ಒಮ್ಮೊಮ್ಮೆ ಅಳ್ತೀನಿ. ಆದ್ರೆ ಆ ಕ್ಲಾಸು ಕೊಡ್ತೀನಿ, ಹರಿಹರದ ವರ್ಷ ವಾಪಸ್ ಕೊಡು ಅಂತ ಯಾರಾರ ಬಂದು ಕೇಳ್ಲಿ, ನಾ ಕೊಡಂಗಿಲ್ಲ."